ಒಂದೇ ಹೆಸರು, ಎರಡು ಶೆಲ್: ನಮ್ಮ ಲಿನಕ್ಸ್ ಪಾಠದಲ್ಲಿನ ಒಂದು ಗೊಂದಲ

ಕೆಲವು ವರ್ಷಗಳ ಹಿಂದಿನ ಮಾತು. ಬಾಗಲಕೋಟೆ ಜಿಲ್ಲೆಯ ಒಂದು ಕಾಲೇಜಿಗೆ ಬಿ.ಎಸ್ಸಿ. ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯ ಬಾಹ್ಯ ಪರೀಕ್ಷಕನಾಗಿ ಹೋಗಿದ್ದೆ. ಗಣಕ ಪ್ರಯೋಗಗಳ ಪಟ್ಟಿಯಲ್ಲಿ ‘ಕುಡುಕನ ನಡಿಗೆ’ ಎಂಬುದೊಂದಿತ್ತು. ಒಬ್ಬ ಕುಡುಕ ದೀಪದ ಕಂಬದ ಬುಡದಿಂದ ಹೊರಟು, ಪ್ರತಿ ಹೆಜ್ಜೆಗೂ ನಾಣ್ಯ ಚಿಮ್ಮಿದಂತೆ ಎಡಕ್ಕೋ ಬಲಕ್ಕೋ ಹೋಗುತ್ತಾನೆ. 100 ಹೆಜ್ಜೆಗಳಾದ ಮೇಲೆ ಕಂಬದಿಂದ ಎಷ್ಟು ದೂರದಲ್ಲಿರುತ್ತಾನೆ? ದೂರದ ವರ್ಗಗಳ ಸರಾಸರಿ ಹೆಜ್ಜೆಗಳ ಸಂಖ್ಯೆಗೆ ಸಮ ಎಂಬುದು ಸಿದ್ಧಾಂತ. ಅಂದರೆ 100 ಹೆಜ್ಜೆಗೆ ವರ್ಗಮಧ್ಯಮ ದೂರ ಸುಮಾರು 10. ವಿಸರಣೆಯ ಪಾಠಕ್ಕೆ ಇದಕ್ಕಿಂತ ಸುಲಭವಾದ ಪ್ರವೇಶ ನನಗೆ ಗೊತ್ತಿಲ್ಲ.

ಹುನಗುಂದದ ಕಡೆಯ ಒಬ್ಬ ವಿದ್ಯಾರ್ಥಿನಿ ಇದನ್ನು ಶೆಲ್ ಸ್ಕ್ರಿಪ್ಟ್‌ನಲ್ಲಿ ಬರೆದಳು. ತರ್ಕ ಸರಿಯಾಗಿತ್ತು, ಬರವಣಿಗೆ ಚೊಕ್ಕವಾಗಿತ್ತು. ಓಡಿಸಿದಳು. ಉತ್ತರ 100. ಮತ್ತೆ ಓಡಿಸಿದಳು. ಮತ್ತೆ 100. ಹತ್ತು ಸಲ ಓಡಿಸಿದರೂ ಹತ್ತೂ ಸಲ 100. ಅವಳ ಕುಡುಕ ಒಂದು ಹೆಜ್ಜೆಯೂ ತಪ್ಪದೆ ನೆಟ್ಟಗೆ ಬಲಕ್ಕೇ ನಡೆಯುತ್ತಿದ್ದ. ನಿಜವಾದ ಯಾದೃಚ್ಛಿಕ ನಡಿಗೆಯಲ್ಲಿ ಹೀಗಾಗುವ ಸಂಭವನೀಯತೆ ಒಂದೇ ಸಲಕ್ಕೆ 2ರ 100ನೆಯ ಘಾತದಲ್ಲಿ ಒಂದು ಪಾಲು. ತೆರೆಯ ಮೇಲೆ ದೋಷದ ಸಂದೇಶ ಒಂದೂ ಇರಲಿಲ್ಲ. ‘ನಮ್ಮ ಕಾಲೇಜಿನಲ್ಲಿ ಸರಿ ಬರ್ತಿತ್ತು ಸರ್’ ಎಂದಳು. ಪ್ರತಿಯೊಬ್ಬ ಪರೀಕ್ಷಕನೂ ವರ್ಷಕ್ಕೆ ಇಪ್ಪತ್ತು ಸಲ ಕೇಳುವ ಮಾತು ಅದು. ಫಲಿತಾಂಶದ ಅಂಕಗಳನ್ನು ಕಳೆದೆವು. ನಾನೂ ಸಹಿ ಹಾಕಿದೆ. ರಾತ್ರಿ ಮನೆಯಲ್ಲಿ ಅದೇ ಸಾಲುಗಳನ್ನು ಎರಡು ಗಣಕಗಳಲ್ಲಿ ಓಡಿಸಿ ನೋಡಿದಾಗ ಅವಳು ಹೇಳಿದ್ದು ಅಕ್ಷರಶಃ ನಿಜವೆಂದು ತಿಳಿಯಿತು. ಅಷ್ಟರಲ್ಲಿ ಅಂಕಪಟ್ಟಿಯ ಲಕೋಟೆಗೆ ಅರಗು ಬಿದ್ದಾಗಿತ್ತು.

ಅವಳ ಸ್ಕ್ರಿಪ್ಟ್‌ನ ಮೊದಲ ಸಾಲು ‘#!/ಬಿನ್/ಎಸ್‌ಎಚ್’ ಎಂದಿತ್ತು. (ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ, ಗಣಕಕ್ಕೆ ಕೊಡುವಾಗ ರೋಮನ್ ಅಕ್ಷರಗಳಲ್ಲೇ ಕೊಡಬೇಕು.) ನಮ್ಮ ಬಹುಪಾಲು ಪ್ರಯೋಗ ಕೈಪಿಡಿಗಳಲ್ಲಿ ಈ ಸಾಲು ಶ್ರೀಕಾರದಂತೆ ಬರುತ್ತದೆ, ಏಕೆ ಬರೆಯಬೇಕು ಎಂದು ಯಾರೂ ಹೇಳುವುದಿಲ್ಲ. ಅವಳು ಕಲಿತ ಕಾಲೇಜಿನ ಗಣಕಗಳಲ್ಲಿ ಫೆಡೋರಾ ಇತ್ತು. ಪರೀಕ್ಷೆ ನಡೆದ ಕಡೆ ಉಬುಂಟು ಇತ್ತು. ಎರಡೂ ಲಿನಕ್ಸ್. ಎರಡರಲ್ಲೂ ಟರ್ಮಿನಲ್ ತೆರೆದರೆ ಕಾಣುವುದು ಬ್ಯಾಶ್ ಶೆಲ್. ಆದರೆ ‘/ಬಿನ್/ಎಸ್‌ಎಚ್’ ಎಂಬ ಹೆಸರಿನ ಹಿಂದೆ ಫೆಡೋರಾದಲ್ಲಿ ಕುಳಿತಿರುವುದು ಬ್ಯಾಶ್, ಉಬುಂಟುವಿನಲ್ಲಿ ಡ್ಯಾಶ್ ಎಂಬ ಬೇರೆಯೇ ತಂತ್ರಾಂಶ. ಆಕೆ ಬಳಸಿದ ‘ರ್‍ಯಾಂಡಮ್’ ಎಂಬ ಚರ ಬ್ಯಾಶ್ ತಾನಾಗಿ ಒದಗಿಸುವ ಸೌಲಭ್ಯ; ಡ್ಯಾಶ್‌ನಲ್ಲಿ ಅದಿಲ್ಲ. ಬೆಲೆ ಕೊಡದ ಚರವನ್ನು ಅಂಕಗಣಿತದ ಆವರಣದೊಳಗೆ ಬರಿಯ ಹೆಸರಿನಿಂದ ಕರೆದರೆ ಡ್ಯಾಶ್ ಅದನ್ನು ಸೊನ್ನೆ ಎಂದೆಣಿಸುತ್ತದೆ. ಸೊನ್ನೆಯನ್ನು ಎರಡರಿಂದ ಭಾಗಿಸಿದರೆ ಶೇಷ ಯಾವಾಗಲೂ ಸೊನ್ನೆ. ಸೊನ್ನೆ ಬಂದರೆ ಬಲಕ್ಕೆ ಹೋಗು ಎಂದು ಅವಳು ಬರೆದಿದ್ದಳು. ಹೋದ, ನೂರು ಸಲ. ವಿಚಿತ್ರವೆಂದರೆ ಆ ಚರದ ಮುಂದೆ ಡಾಲರ್ ಚಿಹ್ನೆ ಹಾಕಿದ್ದರೆ ಆ ಜಾಗ ಖಾಲಿಯಾಗಿ ಡ್ಯಾಶ್ ದೋಷ ತೋರಿಸಿ ನಿಲ್ಲುತ್ತಿತ್ತು, ಹುಡುಗಿ ಎಚ್ಚರಗೊಳ್ಳುತ್ತಿದ್ದಳು. ಹೆಚ್ಚು ಚೊಕ್ಕವಾಗಿ ಬರೆದದ್ದೇ ಅವಳಿಗೆ ಮುಳುವಾಯಿತು.

ಈ ಲೇಖನದ ತಕರಾರು ಉಬುಂಟುವಿನ ಮೇಲಲ್ಲ, ಫೆಡೋರಾದ ಮೇಲೂ ಅಲ್ಲ. ‘ಶೆಲ್’ ಎಂಬ ಒಂದೇ ಪದದಲ್ಲಿ ಎರಡು ಬೇರೆ ಉದ್ಯೋಗಗಳನ್ನು ಕಟ್ಟಿಹಾಕಿ ಕಲಿಸುವ ನಮ್ಮ ರೂಢಿಯ ಮೇಲೆ.

ಶೆಲ್ ಎಂದರೆ ಚಿಪ್ಪು; ಕರ್ನೆಲ್ ಎಂಬ ತಿರುಳಿನ ಹೊರಗಿನ ಹೊದಿಕೆ ಎಂದು ಪಠ್ಯಗಳು ಚಿತ್ರ ಬಿಡಿಸಿ ವಿವರಿಸುತ್ತವೆ. ಚಿತ್ರವೇನೋ ಚೆನ್ನ. ಆದರೆ ಒಂದು ಕಾಯಿಗೆ ಒಂದೇ ಚಿಪ್ಪು ಎಂಬ ಭಾವನೆಯನ್ನು ಅದು ಬಿತ್ತುತ್ತದೆ. ವಾಸ್ತವದಲ್ಲಿ ಶೆಲ್ ಒಂದು ಸಾಮಾನ್ಯ ತಂತ್ರಾಂಶ. ಅದಕ್ಕೆ ಎರಡು ಬಗೆಯ ಗಿರಾಕಿಗಳು. ಒಬ್ಬ ಕೀಲಿಮಣೆಯ ಮುಂದೆ ಕುಳಿತ ಮನುಷ್ಯ. ಅವನಿಗೆ ಹಿಂದೆ ಕೊಟ್ಟ ಆದೇಶಗಳ ನೆನಪು ಬೇಕು, ಅರ್ಧ ಬರೆದ ಹೆಸರನ್ನು ಪೂರ್ತಿ ಮಾಡಿಕೊಡಬೇಕು, ಬಣ್ಣ ಬೇಕು. ಇನ್ನೊಂದು ಗಿರಾಕಿ ಗಣಕವೇ. ಆರಂಭದ ಸ್ಕ್ರಿಪ್ಟ್‌ಗಳು, ತಂತ್ರಾಂಶ ಅನುಸ್ಥಾಪನೆಯ ಸ್ಕ್ರಿಪ್ಟ್‌ಗಳು, ನಿಗದಿತ ವೇಳೆಗೆ ಕೆಲಸ ಎಬ್ಬಿಸುವ ಕ್ರಾನ್, ಇವಕ್ಕೆ ಬಣ್ಣವೂ ಬೇಡ, ನೆನಪೂ ಬೇಡ. ಬೇಗ ಎದ್ದು, ಹೇಳಿದ್ದನ್ನು ಮಾಡಿ, ಮಲಗುವ ಶೆಲ್ ಸಾಕು. ಮೊದಲನೆಯ ಶೆಲ್ ಯಾವುದೆಂಬುದು ‘/ಇಟಿಸಿ/ಪಾಸ್‌ವರ್ಡ್’ ಕಡತದಲ್ಲಿ ನಿಮ್ಮ ಹೆಸರಿನ ಸಾಲಿನ ಏಳನೆಯ, ಅಂದರೆ ಕೊನೆಯ ಅಂಕಣದಲ್ಲಿದೆ. ಅದನ್ನು ನೀವು ಬದಲಿಸಿಕೊಳ್ಳಬಹುದು. ಎರಡನೆಯದು ‘/ಬಿನ್/ಎಸ್‌ಎಚ್’, ಅದನ್ನು ನಿರ್ಧರಿಸುವವರು ಲಿನಕ್ಸ್ ವಿತರಣೆಯನ್ನು ಕಟ್ಟಿದವರು. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗುವುದಿಲ್ಲ. ಇದೊಂದು ವಾಕ್ಯ ನಮ್ಮ ಕೈಪಿಡಿಗಳಲ್ಲಿ ಇದ್ದಿದ್ದರೆ ಆ ಹುಡುಗಿಯ ಅಂಕಗಳು ಉಳಿಯುತ್ತಿದ್ದವು.

ಇಳಕಲ್ ಸೀರೆಯನ್ನು ನೇಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಸೀರೆಯ ಒಡಲಿಗೇ ಬೇರೆ ಹಾಸು, ಸೆರಗಿಗೇ ಬೇರೆ ಹಾಸು. ಎರಡರ ಎಳೆಗಳನ್ನೂ ಕುಣಿಕೆ ಕುಣಿಕೆಯಾಗಿ ಕೂಡಿಸುವ ‘ತೋಪು ತೆನಿ’ ಎಂಬ ಜೋಡಣೆಯೇ ಅಲ್ಲಿನ ಹೆಗ್ಗಳಿಕೆ. ಒಡಲು ಬಾಳಿಕೆಗೆ, ಸೆರಗು ಕಣ್ಣಿಗೆ. ಲಿನಕ್ಸ್‌ನಲ್ಲಿ ಕಷ್ಟ ಬಂದಿರುವುದೂ ಜೋಡಣೆಯ ಜಾಗದಲ್ಲೇ.

ಈ ಎರಡು ಉದ್ಯೋಗಗಳು ಹಿಂದೆ ಬೇರೆಯಾಗಿಯೇ ಇದ್ದವು ಎಂಬುದು ಗಮನಾರ್ಹ. ಯುನಿಕ್ಸ್‌ಗೆ 1971ರಲ್ಲಿ ಕೆನ್ ಥಾಮ್ಸನ್ ಬರೆದ ಶೆಲ್ ಬಹಳ ಸರಳವಾದದ್ದು. 1979ರಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿಯೊಂದಿಗೆ ಬೆಲ್ ಪ್ರಯೋಗಾಲಯದ ಸ್ಟೀಫನ್ ಬೋರ್ನ್ ಅವರ ಶೆಲ್ ಬಂತು. ‘ಎಸ್‌ಎಚ್’ ಎಂಬ ಹೆಸರು ಅದರದ್ದಾಯಿತು. ಅದು ಒಳ್ಳೆಯ ಪ್ರೋಗ್ರಾಮಿಂಗ್ ಭಾಷೆ, ಆದರೆ ಕೀಲಿಮಣೆಯಲ್ಲಿ ಬಳಸಲು ಒರಟು. ಅದೇ ಸುಮಾರಿಗೆ ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ಸಿ-ಶೆಲ್ ಇದಕ್ಕೆ ವಿರುದ್ಧ: ಆದೇಶಗಳ ಇತಿಹಾಸ, ಅಡ್ಡಹೆಸರುಗಳ ಸೌಲಭ್ಯ ಎಲ್ಲ ಇದ್ದು ಕೂತು ಬಳಸಲು ಹಿತ, ಸ್ಕ್ರಿಪ್ಟ್ ಬರೆಯಲು ತಲೆನೋವು. ಹೀಗಾಗಿ ಬಲ್ಲವರು ಸಿ-ಶೆಲ್‌ನಲ್ಲಿ ಕುಳಿತು ಬೋರ್ನ್ ಶೆಲ್‌ಗೆ ಸ್ಕ್ರಿಪ್ಟ್ ಬರೆಯುತ್ತಿದ್ದರು. ಗೊಂದಲಕ್ಕೆ ಎಡೆಯೇ ಇರಲಿಲ್ಲ, ಏಕೆಂದರೆ ಎರಡರ ವ್ಯಾಕರಣವೇ ಬೇರೆ.

ಗೊಂದಲ ಹುಟ್ಟಿದ್ದು ಒಂದು ಒಳ್ಳೆಯ ಸಾಧನೆಯಿಂದ. ಡೇವಿಡ್ ಕಾರ್ನ್ ಅವರ ಶೆಲ್ ಎರಡೂ ಗುಣಗಳನ್ನು ಒಂದುಗೂಡಿಸಿತು. ಗ್ನೂ ಯೋಜನೆಗಾಗಿ ಬ್ರಯನ್ ಫಾಕ್ಸ್ ಬರೆದು 1989ರಲ್ಲಿ ಹೊರಬಂದ ಬ್ಯಾಶ್ ಅದೇ ದಾರಿ ಹಿಡಿಯಿತು. ಲಿನಕ್ಸ್ ಕಟ್ಟಿದವರಿಗೆ ಕೈಗೆ ಸಿಕ್ಕ ಮುಕ್ತ ಶೆಲ್ ಅದೇ. ಕೂರಲಿಕ್ಕೂ ಅದೇ, ದುಡಿಯಲಿಕ್ಕೂ ಅದೇ. ‘/ಬಿನ್/ಎಸ್‌ಎಚ್’ ಎಂಬುದು ಬ್ಯಾಶ್‌ಗೆ ಇನ್ನೊಂದು ಹೆಸರಾಯಿತು. ಆ ಹೆಸರಿನಿಂದ ಕರೆದಾಗ ಬ್ಯಾಶ್ 1992ರ ಪೊಸಿಕ್ಸ್ ಶೆಲ್ ಮಾನಕಕ್ಕೆ ತಕ್ಕಂತೆ ನಡೆದುಕೊಳ್ಳುವ ಸ್ಥಿತಿಗೆ ಹೋಗುತ್ತದೆ ನಿಜ. ಆದರೆ ತನ್ನ ಹೆಚ್ಚುವರಿ ಸೌಲಭ್ಯಗಳನ್ನು ಮುಚ್ಚಿಡುವುದಿಲ್ಲ. ಅರೇಗಳು, ಜೋಡಿ ಚೌಕ ಕಂಸಗಳು, ‘ರ್‍ಯಾಂಡಮ್’ ಎಲ್ಲ ಹಾಗೆಯೇ ಕೆಲಸ ಮಾಡುತ್ತವೆ. ನನ್ನ ದೃಷ್ಟಿಯಲ್ಲಿ ಬ್ಯಾಶ್‌ನ ದೊಡ್ಡ ಕೊರತೆ ಇದು: ಮಾನಕದ ಹೆಸರಿನಲ್ಲಿ ಓಡುತ್ತಾ ಮಾನಕ ಮೀರಿದ ಬಳಕೆಯನ್ನು ಮೌನವಾಗಿ ಒಪ್ಪಿಕೊಳ್ಳುತ್ತದೆ. ವಿದ್ಯಾರ್ಥಿಯ ತಪ್ಪನ್ನೆಲ್ಲ ಸರಿ ಎನ್ನುವ ಮೇಷ್ಟ್ರನ್ನು ನಾವು ಒಳ್ಳೆಯ ಮೇಷ್ಟ್ರು ಎನ್ನುವುದಿಲ್ಲ.

ಡೆಬಿಯನ್ ಬಳಗ ಈ ಗಂಟನ್ನು ಬಿಡಿಸಲು ಹೊರಟಿತು. ಕೆನೆತ್ ಆಮ್‌ಕ್ವಿಸ್ಟ್ 1989ರಲ್ಲಿ ಬರೆದ ‘ಆ್ಯಶ್’ ಎಂಬ ಚಿಕ್ಕ ಶೆಲ್ ಬಿಎಸ್‌ಡಿ ಯುನಿಕ್ಸ್‌ಗಳಲ್ಲಿ ಬಳಕೆಯಲ್ಲಿತ್ತು. ಅದನ್ನು 1997ರಲ್ಲಿ ಹರ್ಬರ್ಟ್ ಷು ಲಿನಕ್ಸ್‌ಗೆ ತಂದರು. 2002ರಲ್ಲಿ ಅದಕ್ಕೆ ಡ್ಯಾಶ್ ಎಂದು ಹೆಸರಾಯಿತು. 2006ರ ಅಕ್ಟೋಬರಿನ ಉಬುಂಟು 6.10 ‘/ಬಿನ್/ಎಸ್‌ಎಚ್’ ಸ್ಥಾನವನ್ನು ಡ್ಯಾಶ್‌ಗೆ ಕೊಟ್ಟಿತು. 2011ರ ಡೆಬಿಯನ್ 6 ಅದನ್ನೇ ಮಾಡಿತು. ಮನುಷ್ಯನ ಮುಂದೆ ಮಾತ್ರ ಬ್ಯಾಶ್ ಉಳಿಯಿತು. ಉಬುಂಟು 22.04ರಲ್ಲಿ ಬ್ಯಾಶ್ ಕಡತದ ಗಾತ್ರ ಸುಮಾರು 14 ಲಕ್ಷ ಬೈಟ್, ಡ್ಯಾಶ್‌ನದು ಸುಮಾರು 1.25 ಲಕ್ಷ. ಗಣಕ ಆರಂಭವಾಗುವಾಗ ಶೆಲ್ ಅನ್ನು ಲೆಕ್ಕವಿಲ್ಲದಷ್ಟು ಸಲ ಎಬ್ಬಿಸಿ ಮಲಗಿಸಬೇಕಿದ್ದ ಆ ಕಾಲದಲ್ಲಿ ಈ ಅಂತರಕ್ಕೆ ಬೆಲೆಯಿತ್ತು.

ಬದಲಾವಣೆಯಾದಾಗ ಹೊರಗಿನವರು ಬರೆದ ಹಲವು ಸ್ಕ್ರಿಪ್ಟ್‌ಗಳು ಮುರಿದುಬಿದ್ದವು, ಕೂಗು ಎದ್ದಿತು. ‘ಲಿನಕ್ಸ್‌ನಲ್ಲಿ ಎಸ್‌ಎಚ್ ಎಂದರೆ ಬ್ಯಾಶ್ ಎಂಬುದು ಲೋಕರೂಢಿ, ಅದನ್ನು ಮುರಿದದ್ದು ಸರಿಯಲ್ಲ’ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಪದಕ್ಕೆ ಅರ್ಥ ಬರುವುದು ಬಳಕೆಯಿಂದಲೇ ತಾನೆ? ಆದರೂ ಡೆಬಿಯನ್ ಪಕ್ಷವೇ ಸರಿ ಎಂದು ನನ್ನ ತೀರ್ಮಾನ. ಮುರಿದ ಪ್ರತಿ ಸ್ಕ್ರಿಪ್ಟ್ ಮೊದಲೇ ತಪ್ಪು ವಿಳಾಸ ಬರೆದುಕೊಂಡಿತ್ತು. ಬ್ಯಾಶ್ ಬೇಕಿದ್ದರೆ ‘#!/ಬಿನ್/ಬ್ಯಾಶ್’ ಎಂದು ಬರೆಯಲು ಯಾರ ಅಡ್ಡಿಯೂ ಇರಲಿಲ್ಲ. ವೇಗದ ವಾದ ಮಾತ್ರ ಈಗ ಸೊರಗಿದೆ. 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಸಿಸ್ಟಮ್‌ಡಿಗೆ ಬದಲಾದ ಮೇಲೆ ಆರಂಭದ ಕೆಲಸದ ಹೆಚ್ಚಿನ ಪಾಲು ಶೆಲ್ ಸ್ಕ್ರಿಪ್ಟ್‌ಗಳಲ್ಲಿ ಉಳಿದಿಲ್ಲ. ಡ್ಯಾಶ್ ಹೊಗಳುವವರು ಇಂದಿಗೂ ಸೆಕೆಂಡುಗಳ ಲೆಕ್ಕ ಹೇಳುವುದನ್ನು ಕೇಳಿದಾಗ ನಗು ಬರುತ್ತದೆ.

ಉಳಿದಿರುವುದು ಭದ್ರತೆಯ ವಾದ, ಅದು ಗಟ್ಟಿಯಾದದ್ದು. 2014ರ ಸೆಪ್ಟೆಂಬರ್ 24ರಂದು ‘ಶೆಲ್‌ಶಾಕ್’ ಎಂಬ ದೋಷ ಬಹಿರಂಗವಾಯಿತು. ಅದನ್ನು ಕಂಡುಹಿಡಿದವರು ಸ್ಟೆಫಾನ್ ಶಾಜೆಲಾ. ಬ್ಯಾಶ್ ತನ್ನ ಫಂಕ್ಷನ್‌ಗಳನ್ನು ಪರಿಸರ ಚರಗಳ ಮೂಲಕ ಮರಿ ಶೆಲ್‌ಗಳಿಗೆ ದಾಟಿಸುತ್ತದೆ. ಹಾಗೆ ಬಂದ ಚರವನ್ನು ಓದುವಾಗ ಫಂಕ್ಷನ್ ಮುಗಿದ ಮೇಲೂ ಅಲ್ಲಿಗೇ ನಿಲ್ಲದೆ, ಬಾಲದಲ್ಲಿ ಅಂಟಿಸಿದ ಆದೇಶವನ್ನೂ ನಡೆಸಿಬಿಡುತ್ತಿತ್ತು. ವೆಬ್ ಸರ್ವರ್‌ಗಳು ಹೊರಗಿನವರು ಕಳಿಸಿದ ಪಠ್ಯವನ್ನು ಪರಿಸರ ಚರಗಳಲ್ಲಿ ಇಟ್ಟು ಸಿಜಿಐ ಪ್ರೋಗ್ರಾಂಗಳನ್ನು ಕರೆಯುತ್ತವೆ. ಆ ಪ್ರೋಗ್ರಾಂ ಮುಂದೆ ‘/ಬಿನ್/ಎಸ್‌ಎಚ್’ ಕರೆದು, ಅದು ಬ್ಯಾಶ್ ಆಗಿದ್ದರೆ, ಊರಾಚೆಯ ಅಪರಿಚಿತ ನಿಮ್ಮ ಗಣಕಕ್ಕೆ ಆದೇಶ ಕೊಟ್ಟಂತೆ. ಈ ದೋಷ 1989ರಿಂದಲೂ ಅಲ್ಲಿಯೇ ಇತ್ತು. ‘ಎಸ್‌ಎಚ್’ ಡ್ಯಾಶ್ ಆಗಿದ್ದ ಗಣಕಗಳಲ್ಲಿ ಈ ಒಂದು ಬಾಗಿಲು ಮುಚ್ಚಿತ್ತು. ಎಲ್ಲ ಬಾಗಿಲೂ ಅಲ್ಲ; ಬ್ಯಾಶ್‌ನ ಹೆಸರನ್ನೇ ಹೇಳಿ ಬರೆದ ಸ್ಕ್ರಿಪ್ಟ್‌ಗಳಿದ್ದವು, ದೂರದಿಂದ ಲಾಗಿನ್ ಆಗುವವರ ಶೆಲ್ ಬ್ಯಾಶ್ ಆಗಿದ್ದ ಕಡೆ ಎಸ್‌ಎಸ್‌ಎಚ್ ಮೂಲಕವೂ ದಾರಿಯಿತ್ತು. ಮನುಷ್ಯನ ಅನುಕೂಲಕ್ಕಾಗಿ ಇಟ್ಟ ಒಂದು ಸೌಲಭ್ಯ, ಮನುಷ್ಯನೇ ಇಲ್ಲದ ಜಾಗದಲ್ಲಿ ಕುಳಿತು ಅಪಾಯ ತಂದಿತು.

ಈಗ ಸೆರಗಿನ ಕಡೆಗೆ ಬರೋಣ. ಹುಡುಗರು ಈಚೆಗೆ ಝಡ್-ಶೆಲ್, ಫಿಶ್ ಎಂದು ಬಣ್ಣಬಣ್ಣದ ಶೆಲ್‌ಗಳನ್ನು ಹಾಕಿಕೊಳ್ಳುತ್ತಾರೆ. ಆ್ಯಪಲ್ ಕೂಡ 2019ರ ಕ್ಯಾಟಲಿನಾದಿಂದ ಹೊಸ ಬಳಕೆದಾರರಿಗೆ ಝಡ್-ಶೆಲ್ ಕೊಡುತ್ತಿದೆ. ಇದರ ಬಗ್ಗೆ ಹಿರಿಯ ಅಧ್ಯಾಪಕರು ಮೂಗು ಮುರಿಯುವುದನ್ನು ಕಂಡಿದ್ದೇನೆ, ನಾನು ಮುರಿಯುವುದಿಲ್ಲ. ತಾನು ದಿನವಿಡೀ ಕೂರುವ ಕುರ್ಚಿಯನ್ನು ಮನುಷ್ಯ ತಾನೇ ಆರಿಸಿಕೊಳ್ಳಬೇಕು. ತೊಡಕು ಬರುವುದು ಕುರ್ಚಿಯಲ್ಲಿ ಕುಳಿತು ಪರೀಕ್ಷಿಸಿದ್ದನ್ನು ಸ್ಕ್ರಿಪ್ಟ್‌ಗೆ ನಕಲು ಮಾಡಿದಾಗ. ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿ ತಾಲೂಕುವಾರು ಮಳೆಯ ಅಂಕಿಗಳನ್ನು ಕಡತಗಳಲ್ಲಿ ಇಟ್ಟಿದ್ದ: ‘ಬಾದಾಮಿ ಮಳೆ’, ‘ಹುನಗುಂದ ಮಳೆ’ ಎಂದು, ನಡುವೆ ಖಾಲಿ ಜಾಗ ಬಿಟ್ಟು. ಕಡತದ ಹೆಸರನ್ನು ಚರದಲ್ಲಿಟ್ಟು, ಉದ್ಧರಣ ಚಿಹ್ನೆ ಹಾಕದೆ, ಝಡ್-ಶೆಲ್‌ನಲ್ಲಿ ಸಾಲುಗಳನ್ನು ಎಣಿಸಿದ, ಸರಿಯಾಯಿತು. ಅದೇ ಸಾಲನ್ನು ಸ್ಕ್ರಿಪ್ಟ್‌ನಲ್ಲಿಟ್ಟಾಗ ‘ಹುನಗುಂದ’ ಎಂಬ ಕಡತವೂ ಇಲ್ಲ, ‘ಮಳೆ’ ಎಂಬ ಕಡತವೂ ಇಲ್ಲ ಎಂಬ ಉತ್ತರ ಬಂತು. ಚರದ ಬೆಲೆಯನ್ನು ಖಾಲಿ ಜಾಗದಲ್ಲಿ ಒಡೆಯುವುದು ಬೋರ್ನ್ ಪರಂಪರೆ. ಬ್ಯಾಶ್, ಡ್ಯಾಶ್ ಎರಡೂ ಹಾಗೆ ಮಾಡುತ್ತವೆ. ಝಡ್-ಶೆಲ್ ಒಡೆಯುವುದಿಲ್ಲ. ಪ್ರಾಮಾಣಿಕವಾಗಿ ಹೇಳುವುದಾದರೆ ಝಡ್-ಶೆಲ್‌ನ ನಡೆಯೇ ಹೆಚ್ಚು ವಿವೇಕದ್ದು. ಆದರೆ ಮಾನಕ ಅದಲ್ಲ. ಅರೇಗಳನ್ನು ಬ್ಯಾಶ್ ಸೊನ್ನೆಯಿಂದ ಎಣಿಸಿದರೆ ಝಡ್-ಶೆಲ್ ಒಂದರಿಂದ ಎಣಿಸುವುದು ಇನ್ನೊಂದು ಗುಂಡಿ.

2005ರಲ್ಲಿ ಬಂದ ಫಿಶ್ ಈ ವಿಷಯದಲ್ಲಿ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದು ಪೊಸಿಕ್ಸ್‌ನಂತೆ ನಟಿಸುವುದೇ ಇಲ್ಲ. ಅದರ ವ್ಯಾಕರಣ ಬೇರೆಯೆಂದು ಎರಡನೆಯ ಸಾಲಿನಲ್ಲೇ ಗೊತ್ತಾಗುತ್ತದೆ, ಹಳೆಯ ಸಿ-ಶೆಲ್ ಕಾಲದಂತೆ. ಆದರೆ ಅದನ್ನೇ ಲಾಗಿನ್ ಶೆಲ್ ಮಾಡಿಕೊಳ್ಳಬೇಡಿ ಎನ್ನುತ್ತೇನೆ. ಬಳಕೆದಾರನ ಶೆಲ್ ಬೋರ್ನ್ ಜಾತಿಯದೇ ಎಂದು ನಂಬಿ ಅದರ ಕೈಗೆ ಆದೇಶ ಕೊಡುವ ತಂತ್ರಾಂಶಗಳಿವೆ. ಲಾಗಿನ್ ಶೆಲ್ ಬ್ಯಾಶ್ ಇರಲಿ, ಟರ್ಮಿನಲ್ ತೆರೆದಾಗ ಫಿಶ್ ಏಳಲಿ. ‘ರೂಟ್’ ಬಳಕೆದಾರನ ಶೆಲ್ ಅನ್ನಂತೂ ಮುಟ್ಟಲೇಬೇಡಿ. ನೀವೇ ತಂದುಹಾಕಿದ ಶೆಲ್ ಕೆಟ್ಟ ದಿನ, ಅದನ್ನು ಸರಿಪಡಿಸಲು ಒಳಗೆ ಹೋಗುವ ಬಾಗಿಲೂ ಅದೇ ಆಗಿರುತ್ತದೆ.

ಕನ್ನಡದ ಓದುಗರಿಗೆ ವಿಶೇಷವಾಗಿ ಹೇಳಬೇಕಾದ ಒಂದು ಅಂಶವಿದೆ. ಇಂಗ್ಲಿಷ್ ಪಠ್ಯಗಳಲ್ಲಿ ಇದು ಬರುವುದು ಅಪರೂಪ. ಒಂದು ಚರದಲ್ಲಿ ‘ಬಾದಾಮಿ’ ಎಂಬ ಪದವಿಟ್ಟು ಅದರ ಉದ್ದ ಕೇಳಿ. ನಾವು ಮೂರು ಅಕ್ಷರ ಎನ್ನುತ್ತೇವೆ. ಬ್ಯಾಶ್ 6 ಎನ್ನುತ್ತದೆ. ಉಬುಂಟು 22.04ರ ಡ್ಯಾಶ್ 18 ಎನ್ನುತ್ತದೆ. ಯುನಿಕೋಡ್‌ನಲ್ಲಿ ಬ, ದ, ಮ ಮೂರು ವ್ಯಂಜನಗಳು, ಅವುಗಳ ಮೇಲಿನ ಸ್ವರಚಿಹ್ನೆಗಳು ಮೂರು, ಒಟ್ಟು 6 ಸಂಕೇತಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಆದ್ದರಿಂದ 18. ‘ಹುನಗುಂದ’ಕ್ಕೆ 4, 7, 21. ಭಾಷೆಯ ಆಯ್ಕೆ ಏನನ್ನೂ ಹೇಳದ ‘ಸಿ’ ಲೊಕೇಲ್‌ನಲ್ಲಿ ಓಡಿಸಿದರೆ ಬ್ಯಾಶ್ ಕೂಡ 18 ಎಂದೇ ಹೇಳುತ್ತದೆ. ಇದನ್ನು ಡ್ಯಾಶ್‌ನ ಕೊರತೆ ಎಂದು ಮೊದಲು ನಾನೂ ಬೈದಿದ್ದೆ. ಆಮೇಲೆ ಹೊಳೆದದ್ದು, ಕರ್ನೆಲ್‌ಗೆ ಬೇಕಾದ ಉತ್ತರ 18ನೇ. ಇಎಕ್ಸ್‌ಟಿ-4 ಕಡತವ್ಯವಸ್ಥೆಯಲ್ಲಿ ಕಡತದ ಹೆಸರಿನ ಮಿತಿ 255 ಬೈಟ್. ಇಂಗ್ಲಿಷ್ ಹೆಸರಿಗೆ 255 ಅಕ್ಷರ ಸಿಕ್ಕರೆ ಕನ್ನಡಕ್ಕೆ 85 ಸಂಕೇತಗಳು ಮಾತ್ರ. ಆ ಮಿತಿಯನ್ನು ಕಾಯಬೇಕಾದ ಸ್ಕ್ರಿಪ್ಟ್‌ಗೆ ಬೈಟ್ ಲೆಕ್ಕವೇ ಬೇಕು. ತೆರೆಯ ಮೇಲೆ ಕರ್ಸರ್ ನಿಲ್ಲಿಸಬೇಕಾದ ಶೆಲ್‌ಗೆ ಬೇರೆ ಲೆಕ್ಕ ಬೇಕು.

ಸಿ-ಡ್ಯಾಕ್ 2007ರಲ್ಲಿ ಬಿಡುಗಡೆ ಮಾಡಿದ, ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆ ಅನುಕೂಲವಿರುವ ‘ಬಾಸ್’ ಲಿನಕ್ಸ್ ಕೂಡ ಡೆಬಿಯನ್ ಆಧಾರಿತವಾದದ್ದೇ. ಒಂದು ಕಾಲೇಜಿನಲ್ಲಿ ಫೆಡೋರಾ, ಪಕ್ಕದ ಊರಿನಲ್ಲಿ ಉಬುಂಟು, ಇನ್ನೊಂದೆಡೆ ಬಾಸ್ ಇರುವ ನಮ್ಮಂಥ ಜಿಲ್ಲೆಗಳಲ್ಲಿ ‘ಎಸ್‌ಎಚ್’ ಯಾವುದೆಂಬ ಪ್ರಶ್ನೆ ಅಂಕಗಳ ಪ್ರಶ್ನೆಯೇ ಆಗುತ್ತದೆ.

ಇನ್ನೊಂದು ಸಂಗತಿಯನ್ನು ಭೌತಶಾಸ್ತ್ರದವರು ನೆನಪಿಡಬೇಕು. ಶೆಲ್ ಸ್ಕ್ರಿಪ್ಟ್ ಬರೆಯುವುದೇ ಇಲ್ಲ ಎನ್ನುವವರೂ ‘ಎಸ್‌ಎಚ್’ನಿಂದ ತಪ್ಪಿಸಿಕೊಂಡಿಲ್ಲ. ಸಿ ಭಾಷೆಯ ‘ಸಿಸ್ಟಮ್’ ಫಂಕ್ಷನ್, ಫೋರ್ಟ್ರಾನ್‌ನಿಂದ ಗ್ನೂಪ್ಲಾಟ್ ಕರೆಯುವ ಸಾಲು, ಪೈಥಾನ್‌ನ ‘ಓಎಸ್ ಡಾಟ್ ಸಿಸ್ಟಮ್’ ಎಲ್ಲವೂ ಹೋಗಿ ಬಡಿಯುವುದು ‘/ಬಿನ್/ಎಸ್‌ಎಚ್’ ಬಾಗಿಲನ್ನೇ. ‘ಮೇಕ್’ ಕೂಡ, ನಿಮ್ಮ ಪರಿಸರದಲ್ಲಿ ಯಾವ ಶೆಲ್‌ನ ಹೆಸರಿದ್ದರೂ, ಮೇಕ್‌ಫೈಲ್‌ನಲ್ಲಿ ಬೇರೆ ಹೇಳದ ಹೊರತು ಅಲ್ಲಿಗೇ ಹೋಗುತ್ತದೆ. ರಾತ್ರಿ ಓಡಲೆಂದು ಕ್ರಾನ್‌ಗೆ ಒಪ್ಪಿಸಿದ ಗಣನೆ ಬೆಳಿಗ್ಗೆ ಖಾಲಿ ಕಡತ ಕೊಟ್ಟರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು. ಕ್ರಾನ್ ನಿಮ್ಮ ‘ಬ್ಯಾಶ್‌ಆರ್‌ಸಿ’ ಕಡತವನ್ನು ಓದಿಯೂ ಇರುವುದಿಲ್ಲ.

ಕೈಪಿಡಿ ಬರೆಯುವವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಉದಾಹರಣೆಗಳಲ್ಲಿ ಬ್ಯಾಶ್‌ನ ಸೌಲಭ್ಯ ಬಳಸಿದ್ದರೆ ಮೊದಲ ಸಾಲಿನಲ್ಲಿ ಬ್ಯಾಶ್ ಎಂದೇ ಬರೆಯಲಿ. ‘ಎಸ್‌ಎಚ್’ ಎಂದು ಬರೆದರೆ ಪ್ರತಿ ಉದಾಹರಣೆಯನ್ನೂ ಡ್ಯಾಶ್‌ನಲ್ಲಿ ಓಡಿಸಿ ನೋಡಲಿ. ಡೆಬಿಯನ್‌ನ ‘ಚೆಕ್‌ಬ್ಯಾಶಿಸಮ್ಸ್’, ಮುಕ್ತವಾಗಿ ಸಿಗುವ ‘ಶೆಲ್‌ಚೆಕ್’ ಎಂಬ ಸಾಧನಗಳು ‘ರ್‍ಯಾಂಡಮ್’ನಂಥ ಬಳಕೆಯನ್ನು ಹೆಸರು ಹಿಡಿದು ತೋರಿಸುತ್ತವೆ. ‘ಎಸ್‌ಎಚ್ ನಡಿಗೆ’ ಎಂದು ಟೈಪು ಮಾಡಿ ಸ್ಕ್ರಿಪ್ಟ್ ಓಡಿಸುವ ಅಭ್ಯಾಸವನ್ನಂತೂ ಬಿಡಿಸಬೇಕು. ಹಾಗೆ ಓಡಿಸಿದಾಗ ಮೊದಲ ಸಾಲು ಬರಿಯ ಟಿಪ್ಪಣಿ. ಅಲ್ಲಿ ಬ್ಯಾಶ್ ಎಂದಿದ್ದರೂ ಓಡುವುದು ಎಸ್‌ಎಚ್. ಪರೀಕ್ಷಾ ಕೊಠಡಿಯ ಗೋಡೆಯ ಮೇಲೆ, ಇಲ್ಲಿನ ಗಣಕದಲ್ಲಿ ‘/ಬಿನ್/ಎಸ್‌ಎಚ್’ ಯಾವ ಶೆಲ್ ಎಂಬ ಒಂದು ಚೀಟಿ ಅಂಟಿಸಲು ಯಾವ ಅನುಮತಿಯೂ ಬೇಡ.

ಆ ಹುಡುಗಿಯ ಕುಡುಕನನ್ನು ನಾನು ಎರಡು ಬಗೆಯಲ್ಲಿ ಸರಿಪಡಿಸಿದೆ. ಮೊದಲ ಸಾಲನ್ನು ಬ್ಯಾಶ್ ಎಂದು ತಿದ್ದಿದ್ದು ಒಂದು. ನಾಣ್ಯ ಚಿಮ್ಮುವ ಕೆಲಸವನ್ನು ಪೊಸಿಕ್ಸ್ ಮಾನಕದಲ್ಲೇ ಇರುವ ‘ಆಕ್’ಗೆ ವಹಿಸಿ, ನಡಿಗೆಯನ್ನು ಅದರೊಳಗೇ ಬರೆದದ್ದು ಇನ್ನೊಂದು. ಎರಡನೆಯದು ಫೆಡೋರಾ, ಉಬುಂಟು ಎರಡರಲ್ಲೂ ಒಂದು ಸಾವಿರ ಕುಡುಕರನ್ನು ನಡೆಸಿ, 10ರ ಆಸುಪಾಸಿನ ವರ್ಗಮಧ್ಯಮ ದೂರ ಕೊಟ್ಟಿತು. ಆ ಪ್ರತಿಯನ್ನು ಆಕೆಯ ಅಧ್ಯಾಪಕರಿಗೆ ಕಳಿಸಿದೆ, ಜೊತೆಗೆ ಅಂಕ ಕಳೆದದ್ದು ನಮ್ಮ ತಪ್ಪು ಎಂಬ ಒಂದು ಚೀಟಿಯನ್ನೂ ಇಟ್ಟೆ.